ಅರ್ಜಿಯಲ್ಲಿ ಬೇಡದ ಕಾಲಂಗಳು

ರಾಯಲ್ಪಾಡು, ಶ್ರೀನಿವಾಸಪುರ ಕಡೆಯ ಹುಡುಗ ಹುಡುಗಿಯರನ್ನು ನರಸಾಪುರದ ಕಾರ್ಖಾನೆಗಳಿಗೆ ಆರಿಸಿ ಕಳಿಸುವುದು ನನ್ನ ಕೆಲಸ. ಮೊದಲ ಅರ್ಜಿ ನಮೂನೆ ತಯಾರು ಮಾಡಿದವನೂ ನಾನೇ. ತಯಾರಿಯೇನು, ಯಾರದೋ ಹಳೆಯದನ್ನು ಜೆರಾಕ್ಸ್ ಮಾಡಿಸಿ ಮೇಲಿನ ಹೆಸರು ಬದಲಿಸಿದೆ, ಅಷ್ಟೆ. ಜಾತಿ, ತಂದೆಯ ಕಸುಬು, ಮಕ್ಕಳೆಷ್ಟು, ಎಲ್ಲ ಅದರಲ್ಲಿತ್ತು.

1. ಜಾತಿ ಕೇಳದಿದ್ದರೂ ಜಾತಿ ಗೊತ್ತಾಗುತ್ತದೆ

ಜಾತಿಯ ಕಾಲಂ ಹೊಡೆದುಹಾಕಿ ದೊಡ್ಡ ಸುಧಾರಕನಂತೆ ಬೀಗಿದ್ದೆ. ಬಾಯಿ ಸುಮ್ಮನಿರಬೇಕಲ್ಲ! ಅದೇ ಸೀಮೆಯವನು ನಾನು. ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಜಾರಿ, ‘ಯಾವೂರಪ್ಪ? ಊರಲ್ಲಿ ಮನೆ ಎಲ್ಲಿ?’ ಎಂದು ಸಲಿಗೆಯಿಂದ ಕೇಳುತ್ತಿದ್ದೆ. ಒಬ್ಬ ಹುಡುಗ ‘ಬಸ್ ಸ್ಟ್ಯಾಂಡ್ ಹತ್ರ ಸಾರ್’ ಅಂದ. ಬಸ್ ಸ್ಟ್ಯಾಂಡಿಗೆ ಯಾವ ಕಡೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲೊನಿ ಸಾರ್’ ಅಂದ. ನಮ್ಮ ಕಡೆ ಆ ಒಂದು ಮಾತು ಸಾಕು, ಇನ್ನೇನೂ ಹೇಳಬೇಕಾಗಿಲ್ಲ. ಕೆಲಸ ಕೊಟ್ಟೆ, ಆದರೆ ಐಟಿಐ ಮುಗಿಸಿದ್ದವನನ್ನು ಲೋಡಿಂಗಿಗೆ ಹಾಕಿದೆ. ಆಗ ಅದಕ್ಕೆ ನನ್ನಲ್ಲಿ ಬೇರೆ ಬೇರೆ ಕಾರಣಗಳಿದ್ದವು. ಇವತ್ತು ಆ ಕಾರಣಗಳನ್ನು ನಾನೇ ನಂಬುವುದಿಲ್ಲ. ಈಗ ತಾಲ್ಲೂಕು ಮತ್ತು ಫೋನ್ ನಂಬರ್ ಮಾತ್ರ ಬರೆಸಿಕೊಳ್ಳುತ್ತೇನೆ. ಪೂರ್ತಿ ವಿಳಾಸ ಕೆಲಸಕ್ಕೆ ಸೇರಿದ ಮೇಲೆ.

2. ಮದುವೆಯ ಪ್ರಶ್ನೆ ಕಾಳಜಿಯಲ್ಲ

‘ಮದುವೆ ಆಗಿದೆಯಾಮ್ಮ? ಮಕ್ಕಳು?’ ಕಾಳಜಿಯಿಂದಲೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಹೌದು ಎಂದವರ ಅರ್ಜಿ ಮಾತ್ರ ಕಟ್ಟಿನ ಅಡಿಗೆ ಹೋಗುತ್ತಿತ್ತು. ಗಂಡಸರಿಗೆ ಕೇಳಿದ್ದೇ ನೆನಪಿಲ್ಲ.

ಇದು ನನ್ನೊಬ್ಬನ ರೋಗವಲ್ಲ ಎಂದು ಆಮೇಲೆ ಓದಿ ತಿಳಿಯಿತು. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಂಡಿದ್ದರಂತೆ. ಅವರು ಹೂಡಿದ ಮೊಕದ್ದಮೆಯಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಇಂಥ ನಿಯಮಗಳನ್ನು ಚೆನ್ನಾಗಿಯೇ ಝಾಡಿಸಿತು. ಜೀವವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರುವವರ ನಮೂನೆಯಂತೂ ಹೆಂಗಸರ ಮುಟ್ಟಿನ ದಿನಾಂಕ, ಗರ್ಭಪಾತದ ವಿವರ ಕೇಳುತ್ತಿತ್ತು. ಆ ಕಾಲಂಗಳನ್ನು ತೆಗೆಯಿರಿ ಎಂದು ಕೋರ್ಟ್ ಹೇಳಿದ್ದು 1991ರಲ್ಲಿ. ನನಗೆ ನಿಜವಾಗಿ ಬೇಕಾಗಿದ್ದದ್ದು ರಾತ್ರಿ ಪಾಳಿಗೆ ಬರುತ್ತಾರೋ ಇಲ್ಲವೋ ಎಂಬುದು. ಅದನ್ನೇ ನೇರವಾಗಿ ಕೇಳಬಹುದಿತ್ತು.

3. ಆಧಾರ್ ಜೆರಾಕ್ಸ್ ಇಟ್ಟುಕೊಂಡವನಿಗೇ ಹೊರೆ

ಬಂದವರೆಲ್ಲರಿಂದ ಆಧಾರ್ ಪ್ರತಿ ಈಸಿಕೊಳ್ಳುತ್ತಿದ್ದೆ. ಕೆಲಸ ಸಿಗದವರ ಪ್ರತಿಗಳು ಏನಾಗಬೇಕು ಎಂದು ಯೋಚಿಸಿರಲಿಲ್ಲ. ಚೀಲ ತುಂಬಿದಾಗ ಯಾರೋ ಗುಜರಿಗೆ ಹಾಕಿದರು, ತೂಕದ ಲೆಕ್ಕದಲ್ಲಿ. ಖಾಸಗಿಯವರು ಆಧಾರ್ ಬಳಸಲು ದಾರಿ ಮಾಡಿಕೊಟ್ಟಿದ್ದ 57ನೇ ಸೆಕ್ಷನ್ನಿನ ಭಾಗವನ್ನು 2018ರಲ್ಲೇ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ನನಗೆ ಮಾತ್ರ ಸುದ್ದಿ ತಡವಾಗಿ ಮುಟ್ಟಿತು. ಪಿಎಫ್, ಇಎಸ್‌ಐಗೆ ನಂಬರ್ ಬೇಕು, ನಿಜ. ಅದು ಸೇರಿದವರದ್ದು ಸಾಕು. ಅಲ್ಲಿಯವರೆಗೆ ಗುರುತು ನೋಡಲೇಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ.

4. ಕೇಳಬೇಕಾದದ್ದು ಬಿಟ್ಟೇಹೋಗಿತ್ತು

ಒಂದು ಸಲ ರಾಯಲ್ಪಾಡು ಕಡೆಯಿಂದ ಸೇರಿದವರು ಒಟ್ಟಿಗೇ ಕೆಲಸ ಬಿಟ್ಟರು. ಸಂಬಳ ಸಾಲದಿರಬೇಕು ಅಂದುಕೊಂಡೆ. ವಿಚಾರಿಸಿದರೆ, ಎರಡನೇ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಬಂದರೆ ಮುಂದಕ್ಕೆ ಬಸ್ಸಿಲ್ಲ. ಅವರ ಅಪ್ಪಂದಿರ ಕಸುಬು ನನ್ನ ಫೈಲಿನಲ್ಲಿತ್ತು. ಅವರು ರಾತ್ರಿ ಮನೆಗೆ ಹೇಗೆ ಹೋಗುತ್ತಾರೆ ಎಂಬುದಿರಲಿಲ್ಲ.

5. ಎಲ್ಲ ಕಾಲಂ ನಮ್ಮ ಕೈಯಲ್ಲಿರುವುದಿಲ್ಲ

ತಂದೆಯ ಕಸುಬಿನ ಕಾಲಂ ಇನ್ನೂ ಇದೆ. ಅದನ್ನು ತುಂಬದಿದ್ದರೆ ಕಂಪನಿಯ ಸಾಫ್ಟ್‌ವೇರ್ ಮುಂದಕ್ಕೆ ಹೋಗುವುದಿಲ್ಲವಂತೆ. ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ ಅನ್ನುತ್ತೇನೆ. ಹೆಚ್ಚಿನವರು, ಹೊಲ ಇರಲಿ ಇಲ್ಲದಿರಲಿ, ‘ವ್ಯವಸಾಯ’ ಎಂದೇ ಬರೆಯುತ್ತಾರೆ.