ವಿಡಿಯೋ ಆಟಗಳು: ಇಡಿಯಾಗಿ ತೂಗಬೇಕೇ, ಬಿಡಿಯಾಗಿ ನೋಡಬೇಕೇ?

ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳು ಹಲಾಲೋ ಹರಾಮೋ ಎಂದು ಅನೇಕ ಹೆತ್ತವರು ಕೇಳುತ್ತಾರೆ. ‘ಎಲ್ಲವೂ ಹರಾಮ್’ ಎಂದುಬಿಡುವುದು ಸುಲಭ. ಆದರೆ ಮಗ ಆಟ ಬಿಡುವುದಿಲ್ಲ, ನಿಮ್ಮ ಕಣ್ಣು ತಪ್ಪಿಸಿ ಆಡುತ್ತಾನೆ. ‘ಆಟ ತಾನೇ, ಆಡಲಿ’ ಎನ್ನುವುದೂ ಸುಲಭ. ಆದರೆ ಮಕ್ಕಳ ಬಗ್ಗೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನೀವೇ. ಆದ್ದರಿಂದ ಮೊದಲು ಅಳತೆಗೋಲನ್ನು ಸರಿಪಡಿಸಿಕೊಳ್ಳೋಣ.

ಇಸ್ಲಾಮ್ ಆಟದ ವೈರಿಯಲ್ಲ. ಹ. ಆಯಿಶಾ(ರ) ಚಿಕ್ಕಂದಿನಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರು. ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟ ಆಡಿದಾಗ ಅದನ್ನು ನೋಡಲು ಪ್ರವಾದಿವರ್ಯರು(ಸ) ಅವರಿಗೆ ಅವಕಾಶ ಮಾಡಿಕೊಟ್ಟರು (ಬುಖಾರಿ). ನಿಷೇಧಕ್ಕೆ ಪುರಾವೆ ಇಲ್ಲದಿರುವಾಗ ಲೌಕಿಕ ವಿಷಯಗಳು ಅನುಮತಿಸಲ್ಪಟ್ಟವು ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ.

ಹಾಗಾದರೆ ಒಳ್ಳೆಯದರ ಜೊತೆ ಕೆಟ್ಟದ್ದು ಬೆರೆತಿದ್ದರೆ? ತುಪ್ಪದಲ್ಲಿ ಇಲಿ ಬಿದ್ದು ಸತ್ತಾಗ ಏನು ಮಾಡಬೇಕೆಂದು ಪ್ರವಾದಿವರ್ಯರನ್ನು(ಸ) ಕೇಳಲಾಯಿತು. ಇಲಿಯನ್ನೂ ಅದರ ಸುತ್ತಲಿನ ತುಪ್ಪವನ್ನೂ ತೆಗೆದುಹಾಕಿ, ಉಳಿದದ್ದನ್ನು ಬಳಸುವಂತೆ ಅವರು ತಿಳಿಸಿದರು (ಬುಖಾರಿ). ಈ ಅನುಮತಿ ಗಟ್ಟಿ ತುಪ್ಪಕ್ಕೆ. ಕರಗಿದ ತುಪ್ಪದಲ್ಲಿ ಅಶುದ್ಧಿ ಎಲ್ಲೆಡೆ ಹರಡುತ್ತದೆ ಎಂದು ಬಹುತೇಕ ವಿದ್ವಾಂಸರು ವಿವರಿಸಿದ್ದಾರೆ. ನಮಗೆ ಬೇಕಾದ ಅಳತೆಗೋಲು ಇಲ್ಲೇ ಇದೆ: ಕೆಟ್ಟ ಭಾಗ ಬೇರ್ಪಡುತ್ತದೆಯೇ, ಇಲ್ಲವೇ?

ಒಂದು ಉದಾಹರಣೆ ನೋಡಿ. 2020ರ ಜೂನ್‌ನಲ್ಲಿ ಪಬ್‌ಜಿ ಮೊಬೈಲ್ ಆಟಕ್ಕೆ ಹೊಸ ಭಾಗವೊಂದನ್ನು ಸೇರಿಸಲಾಯಿತು. ಅದರಲ್ಲಿ ಕೆತ್ತಿದ ಕಂಬದ ಮುಂದೆ ಆಟಗಾರನ ಪಾತ್ರ ಪ್ರಾರ್ಥಿಸಿದರೆ ಶಕ್ತಿ ದೊರೆಯುತ್ತಿತ್ತು. ಇದು ತೌಹೀದ್‌ಗೆ ವಿರುದ್ಧವೆಂದು ಕೊಲ್ಲಿ ರಾಷ್ಟ್ರಗಳ ಮುಸ್ಲಿಮರು ಆಕ್ಷೇಪಿಸಿದಾಗ ಕಂಪೆನಿ ಅದನ್ನು ತೆಗೆದುಹಾಕಿತು. ಆಟ ಹಾಗೆಯೇ ಉಳಿಯಿತು. ಅಂದರೆ ಆ ಭಾಗ ಗಟ್ಟಿ ತುಪ್ಪದೊಳಗಿನ ಇಲಿಯಾಗಿತ್ತು. ಅದು ಹೋದ ಮೇಲೂ ಉಳಿದ ಆಟವನ್ನು ಬೇರೆಯಾಗಿ ಪರೀಕ್ಷಿಸಬೇಕು ಎಂಬುದು ನಿಜ.

ಈಗ ಹಣ ಕಟ್ಟಿ ಆಡುವ ರಮ್ಮಿಯನ್ನು ನೋಡಿ. ರಮ್ಮಿಯಲ್ಲಿ ಮುಖ್ಯವಾಗಿರುವುದು ಕೌಶಲ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಅದು ಆಟವನ್ನು ಇಡಿಯಾಗಿ ತೂಗಿದ ರೀತಿ. ಆನ್‌ಲೈನ್ ಜೂಜಿನ ವಿರುದ್ಧ ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲವಿರಲಿ, ಅದೃಷ್ಟವಿರಲಿ, ಪಣದ ಹಣವಿದ್ದರೆ ನಿಷಿದ್ಧ ಎಂದಿತು. ಪವಿತ್ರ ಕುರ್‌ಆನ್ ಇದನ್ನು ಬಹಳ ಹಿಂದೆಯೇ ಕಲಿಸಿದೆ: ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ, ಆದರೆ ಅವುಗಳ ಪಾಪವೇ ದೊಡ್ಡದು (ಅಲ್‌ಬಕರಃ: 219). ಪಣದ ಆಟದಿಂದ ಪಣವನ್ನು ತೆಗೆದರೆ ಆಟದ ಉಸಿರೇ ನಿಲ್ಲುತ್ತದೆ. ಅದು ಕರಗಿದ ತುಪ್ಪ.

ಇನ್ನೊಂದು ಮಾತು. ನಮ್ಮ ಕನಕಗಿರಿ, ಕುಷ್ಟಗಿಯ ಕಡೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ತುಪ್ಪವೇ ಬೇಸಿಗೆಯಲ್ಲಿ ನೀರಾಗುತ್ತದೆ. ಆಟಗಳೂ ಹಾಗೆಯೇ. ಒಬ್ಬ ಹುಡುಗ ಅಸರ್ ಅಝಾನ್ ಕೇಳಿದೊಡನೆ ಮೊಬೈಲ್ ಇಟ್ಟು ಏಳುತ್ತಾನೆ. ಇನ್ನೊಬ್ಬನಿಗೆ ಅದೇ ಆಟದಿಂದ ಫಜ್ರ್ ತಪ್ಪುತ್ತದೆ, ಬಾಯಿಗೆ ಬೈಗುಳ ಬರುತ್ತದೆ, ಅಬ್ಬಾನ ಖಾತೆಯಿಂದ ಹೇಳದೆ ಕೇಳದೆ ಹಣ ಹೋಗುತ್ತದೆ. ಆಟ ಒಂದೇ; ಎರಡನೆಯವನಲ್ಲಿ ಅದು ಕರಗಿ ಎಲ್ಲೆಡೆ ಹರಡಿದೆ. ಜೂಜು ಅಲ್ಲಾಹನ ಸ್ಮರಣೆ ಮತ್ತು ನಮಾಝ್‌ನಿಂದ ತಡೆಯುತ್ತದೆ ಎಂದು ಕುರ್‌ಆನ್ ಎಚ್ಚರಿಸುತ್ತದೆ (ಅಲ್‌ಮಾಇದಃ: 91). ಅದೇ ಫಲ ಕೊಡುವ ಆಟವೂ ಆ ಹುಡುಗನಿಗೆ ಸಲ್ಲದು.

ಆದ್ದರಿಂದ ಹೆತ್ತವರೇ, ತೀರ್ಪು ಕೊಡುವ ಮೊದಲು ಅರ್ಧ ಗಂಟೆ ಮಗನ ಪಕ್ಕದಲ್ಲಿ ಕುಳಿತು ಆಟವನ್ನು ನೋಡಿ. ಈ ಮೂರು ಪ್ರಶ್ನೆಗಳನ್ನು ಅವನನ್ನೇ ಕೇಳಿ: ಇದರಲ್ಲಿ ನಮ್ಮ ದೀನ್‌ಗೆ ಸಲ್ಲದ್ದು ಏನಿದೆ? ಅದನ್ನು ಬಿಟ್ಟು ಆಡಲು ಸಾಧ್ಯವೇ? ಆಡಿದ ಮೇಲೆ ನಿನ್ನ ನಮಾಝ್, ಓದು, ನಾಲಗೆ ಹೇಗಿವೆ? ತಾನೇ ಯೋಚಿಸಿ ಬಿಟ್ಟದ್ದನ್ನು ಮಗ ನೀವಿಲ್ಲದಾಗಲೂ ಬಿಡುತ್ತಾನೆ.

ನಮ್ಮ ಮಕ್ಕಳಿಗೆ ಒಳಿತು ಕೆಡುಕುಗಳನ್ನು ಬೇರ್ಪಡಿಸುವ ವಿವೇಕವನ್ನು ಅಲ್ಲಾಹನು ಕರುಣಿಸಲಿ. ಆಮೀನ್.