ಪೆಟ್ಟಿಗೆ ಬಿಚ್ಚದೆ ಕೋಡ್ ಬರೆಯಬೇಡ

ತಂಗೆವ್ವಾ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಕಾಕಾ, ಯಾವ ಕೋಡ್ ಹಾಕಿದರ ಡ್ಯೂಟಿ ಕಮ್ಮಿ ಬೀಳ್ತದ?" ನಾನು ಸುಮ್ಮನಾದೆ. ಸಿಗ್ನಲ್ ಹೋಯಿತು ಅಂದುಕೊಂಡಿರಬೇಕು ನೀನು. ಸಿಗ್ನಲ್ ಚೆನ್ನಾಗಿಯೇ ಇತ್ತು. ನಮ್ಮೂರಿನ ಗೋಕುಲ ರಸ್ತೆಯಲ್ಲಿ ಮೂವತ್ತೈದು ವರ್ಷ ಸ್ಟಾರ್ಟರ್, ಪ್ಯಾನೆಲ್ ಕಟ್ಟಿ ಮಾರಿದವನು ನಾನು. ಆ ಪ್ರಶ್ನೆಯನ್ನು ನಾನೂ ಒಂದು ಕಾಲಕ್ಕೆ ಕೇಳಿದ್ದೆ, ಅದಕ್ಕೆ ಬೆಲೆಯನ್ನೂ ತೆತ್ತಿದ್ದೆ. ತಾರಿಹಾಳದ ನಿನ್ನ ಶೆಡ್ಡಿನ ಬಣ್ಣ ಇನ್ನೂ ಆರಿಲ್ಲ, ಮೊದಲ ಕಂಟೇನರ್ ಇನ್ನೂ ಹಡಗು ಹತ್ತಿಲ್ಲ. ಹೇಳುವುದಿದ್ದರೆ ಈಗಲೇ ಹೇಳಬೇಕು.

ಮೊದಲು ಒಂದು ಕೆಲಸ ಮಾಡು. ಕಲಘಟಗಿ ಕಡೆಯ ರೈತರು ಬೋರಿಗೆ ಹಾಕುವ ಸಾದಾ ಡಿಒಎಲ್ ಸ್ಟಾರ್ಟರ್ ಒಂದನ್ನು ಟೇಬಲ್ ಮೇಲಿಟ್ಟು ಮುಚ್ಚಳ ಬಿಚ್ಚು. ಮೇಲುಗಡೆ ಕಾಂಟ್ಯಾಕ್ಟರ್. ಹಸಿರು ಗುಂಡಿ ಒತ್ತಿದರೆ ಕಾಯಿಲ್ ಎಳೆದು 'ಟಕ್' ಅನ್ನುವುದು ಅದೇ. ಅದರ ಹೊಟ್ಟೆಗೆ ಅಂಟಿಕೊಂಡಂತೆ ಓವರ್‌ಲೋಡ್ ರಿಲೇ, ಅದರ ಮೇಲೆ ಆಂಪಿಯರ್ ಅಂಕಿ ಬರೆದ ಸಣ್ಣ ತಿರುಪು. ಮೋಟಾರು ಹೆಚ್ಚು ಕರೆಂಟ್ ಎಳೆದರೆ ಒಳಗಿನ ಪಟ್ಟಿ ಕಾಯ್ದು ಬಾಗುತ್ತದೆ, ಕಾಂಟ್ಯಾಕ್ಟರ್ ಬಿಡುತ್ತದೆ. ಇಷ್ಟೇ ಯಂತ್ರ. ಈಗ ಇದನ್ನೇ ಸುಂಕದವರ ಕಣ್ಣಿನಿಂದ ನೋಡು. ಕಾಂಟ್ಯಾಕ್ಟರ್ ಬಿಡಿಯಾಗಿ ಬಂದರೆ ಸುಂಕದ ಪಟ್ಟಿಯ 8536ನೇ ಶೀರ್ಷಿಕೆಯೇ ಅದರ ಮನೆ. ಓವರ್‌ಲೋಡ್ ರಿಲೇ ಬಿಡಿಯಾಗಿ ಬಂದರೂ ಅದೇ ಮನೆ. ಎರಡೂ ಡಬ್ಬಿಯೊಳಗೆ ಕೂಡಿ ಸ್ಟಾರ್ಟರ್ ಆಗಿ ಬಂದರೆ ನಮ್ಮ ದೇಶದ ಪಟ್ಟಿಯಲ್ಲಿ ಅದಕ್ಕೆ ಹೆಸರು ಹಿಡಿದು ಕರೆಯುವ ಸಾಲೇ ಇದೆ: ಎಸಿ ಮೋಟಾರಿನ ಸ್ಟಾರ್ಟರ್ 8536 90 10, ಡಿಸಿಯದು 8536 90 20. ಇಂಥ ಆರು ಸ್ಟಾರ್ಟರುಗಳನ್ನು ಒಂದು ಬ್ರೇಕರ್ ಜತೆ ಉಕ್ಕಿನ ಕಪಾಟಿನಲ್ಲಿ ಕೂಡಿಸಿದೆಯಾ, ಅದು ಪ್ಯಾನೆಲ್, 8537. ಆ ಸಾಲಿನ ಶರತ್ತನ್ನು ಬಾಯಿಪಾಠ ಮಾಡು: 8535 ಅಥವಾ 8536ರ ಉಪಕರಣ ಎರಡಾದರೂ ಅದರೊಳಗೆ ಕೂತಿರಬೇಕು. ಅದೇ ಕಪಾಟು ಖಾಲಿ ಬಂದರೆ 8538 10.

ತಮಾಷೆ ನೋಡು, ಪ್ಯಾನೆಲಿನ ಬಾಗಿಲಿಗೆ ಕೂಡಿಸಿದ ಆಮ್ಮೀಟರು ಪ್ಯಾನೆಲಿನ ಜತೆಗೇ 8537ರಲ್ಲಿ ಬರುತ್ತದೆ. ಅದೇ ಆಮ್ಮೀಟರನ್ನು ಪುಟ್ಟ ಡಬ್ಬಿಯಲ್ಲಿ ಬೇರೆ ತರಿಸಿದರೆ ಅಧ್ಯಾಯವೇ ಬದಲಾಗಿ 9030ಕ್ಕೆ ಜಿಗಿಯುತ್ತದೆ. ನೀನು ಹೆಚ್ಚು ತರಿಸಬೇಕೆಂದಿರುವ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಏರಿಳಿಸುವ ಡ್ರೈವ್, ನೋಡಲು ಕಂಟ್ರೋಲ್ ಪ್ಯಾನೆಲಿನ ತಮ್ಮನಂತಿದ್ದರೂ ಅದರ ಮನೆ 8504 40. ಅದು ಮಾಡುವ ಕೆಲಸ ಎಸಿಯನ್ನು ಡಿಸಿ ಮಾಡಿ, ತಿರುಗಿ ಬೇಕಾದ ಫ್ರೀಕ್ವೆನ್ಸಿಯ ಎಸಿ ಮಾಡುವುದು. ಆದ್ದರಿಂದ ಸ್ಟ್ಯಾಟಿಕ್ ಕನ್ವರ್ಟರ್‌ಗಳ ಸಾಲು. ಇನ್ನು 8535, 8536ರ ನಡುವಿನ ಗಡಿ 1000 ವೋಲ್ಟ್. ಹೆಸ್ಕಾಂ ನಿನ್ನ ಶೆಡ್ಡಿಗೆ ಕೊಡುವ 415 ವೋಲ್ಟಿನ ಸಾಮಾನೆಲ್ಲ 8536. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯವರು ನಾಳೆ 11 ಕೆವಿ ಬ್ರೇಕರ್ ಕೇಳಿದರೆ 8535. ಕ್ಯಾಟಲಾಗಿನ ಮುಖಪುಟದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ನೇಮ್‌ಪ್ಲೇಟ್ ಓದು.

ಹೊರದೇಶದ ಮಾರಾಟಗಾರ ಇನ್‌ವಾಯ್ಸಿನಲ್ಲಿ 'ಮೋಟಾರ್ ಪಾರ್ಟ್ಸ್' ಅಂತ ಬರೆದು 8503 ಹಾಕಿ ಕಳಿಸುತ್ತಾನೆ. ಅವನಿಗೇನು ಖರ್ಚು? ಮೋಟಾರಿಗೆ ಬೇಕಾದದ್ದೆಲ್ಲ ಮೋಟಾರಿನ ಬಿಡಿಭಾಗವಾಗುವುದಿಲ್ಲ. 84, 85ನೇ ಅಧ್ಯಾಯಗಳ ನೆತ್ತಿಯ ಮೇಲೆ ಹದಿನಾರನೇ ವಿಭಾಗದ ಟಿಪ್ಪಣಿಗಳಿವೆ. ಅಲ್ಲಿನ 2ನೇ ಟಿಪ್ಪಣಿಯ ಪ್ರಕಾರ ಒಂದು ಭಾಗಕ್ಕೆ ಈ ಅಧ್ಯಾಯಗಳಲ್ಲಿ ತನ್ನದೇ ಶೀರ್ಷಿಕೆ ಇದ್ದರೆ ಅದು ಅಲ್ಲಿಗೇ ಹೋಗಬೇಕು, ಯಾವ ಯಂತ್ರಕ್ಕೆ ತಯಾರಾಗಿದ್ದರೂ ಸರಿ. ನಮ್ಮ ಮಂದಿ ಅಂಕಿಗಳ ಕಾಲಮ್ಮಿಗೆ ನೇರ ಬೆರಳಿಡುತ್ತಾರೆ, ಟಿಪ್ಪಣಿ ಓದುವುದೇ ಇಲ್ಲ. ಪಟ್ಟಿ ಓದುವ ಆರು ನಿಯಮಗಳಲ್ಲಿ ಮೊದಲನೆಯದು ಹೇಳುವುದೇ ಇದನ್ನು: ಅಧ್ಯಾಯದ ತಲೆಬರಹ ಹುಡುಕುವ ಅನುಕೂಲಕ್ಕೆ ಮಾತ್ರ, ತೀರ್ಮಾನವೆಲ್ಲ ಶೀರ್ಷಿಕೆಯ ಮಾತು ಮತ್ತು ಟಿಪ್ಪಣಿಯ ಮೇಲೆ.

ಕೋಡಿನ ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. 1988ರಿಂದ ಜಾರಿಯಲ್ಲಿರುವ ಪದ್ಧತಿ ಅದು, ಬ್ರಸೆಲ್ಸಿನ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಕೊನೆಯ ಎರಡು ಅಂಕಿ ನಮ್ಮ ದೇಶದ್ದು. ಮಾರಾಟಗಾರನ ಕಾಗದದ ಎಂಟೂ ಅಂಕಿಯನ್ನು ನಕಲು ಹೊಡೆಯುವುದು ಅಂದರೆ ಅವರೂರಿನ ಪಿನ್‌ಕೋಡಿಗೆ ನಮ್ಮೂರಿನ ಪತ್ರ ಹಾಕಿದಂತೆ.

ಈಗ ನೀನು ಕಾಯುತ್ತಿರುವ ಹಣದ ಲೆಕ್ಕ. ಸಾಮಾನಿನ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಬಂದ ಮೊತ್ತ ಒಂದು ಲಕ್ಷ ಅನ್ನು. ವಿಮೆಯ ಕಾಗದ ಇಲ್ಲದಿದ್ದರೆ ಎಫ್‌ಒಬಿ ಬೆಲೆಯ, ಅಂದರೆ ಹಡಗು ಹತ್ತಿಸುವವರೆಗಿನ ಬೆಲೆಯ, ಶೇ. 1.125 ಅಂತ ಕಸ್ಟಮ್ಸಿನವರೇ ಕೂಡಿಸಿಕೊಳ್ಳುತ್ತಾರೆ. ಮೂಲ ಸುಂಕ ಶೇ. 10 ಅಂತ ಹಿಡಿ: 10,000 ರೂಪಾಯಿ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, 2018ರ ಬಜೆಟ್ಟಿನಿಂದ ಬಂದದ್ದು: 1,000. ಈ 1,11,000ದ ಮೇಲೆ ಐಜಿಎಸ್‌ಟಿ ಶೇ. 18: 19,980. ಒಟ್ಟು 30,980 ಕಟ್ಟುತ್ತೀ. ಐಜಿಎಸ್‌ಟಿಯನ್ನು ಕ್ರೆಡಿಟ್ ತೆಗೆದುಕೊಂಡು ತಿರುಗಿ ಪಡೆಯುತ್ತೀ. ಕೈಯಿಂದ ಹೋಗುವುದು 11,000. ಬೇರೆ ಕೋಡಿಗೆ ಮೂಲ ಸುಂಕ ಶೇ. 7.5 ಇದ್ದರೆ ಹೋಗುವುದು 8,250. ಅಂತರ 2,750 ರೂಪಾಯಿ, ಲಕ್ಷಕ್ಕೆ. ಇಷ್ಟಕ್ಕಾಗಿ ಜನ ಸುಳ್ಳು ಕೋಡ್ ಹಾಕುತ್ತಾರೆ. ಸಿಕ್ಕಿಬಿದ್ದರೆ ಕಡಿಮೆ ಕಟ್ಟಿದ ಸುಂಕದ ಮೇಲೆ ವರ್ಷಕ್ಕೆ ಶೇ. 15 ಬಡ್ಡಿ, ಬೇಕೆಂದೇ ಮುಚ್ಚಿಟ್ಟದ್ದು ಅಂತಾದರೆ ತಪ್ಪಿಸಿದ ಸುಂಕದಷ್ಟೇ ದಂಡ. ನಿಜವಾದ ದರ ಅಧಿಸೂಚನೆಗಳಲ್ಲಿ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಅದನ್ನು ನನ್ನ ಬಾಯಿಂದ ಕೇಳಬೇಡ, ಬಿಲ್ ಹಾಕುವ ದಿನ ನೋಡಿಕೋ.

ನನ್ನ ಕಾಲದಲ್ಲಿ ಈ ಲೆಕ್ಕವೇ ಇರಲಿಲ್ಲ, ಹೊರಗಿನ ಸಾಮಾನು ಯಾರು ತರಿಸುತ್ತಿದ್ದರು? 1991ರ ಜುಲೈ ಬಜೆಟ್ಟಿನಲ್ಲಿ ಮನಮೋಹನ ಸಿಂಗರು ಗರಿಷ್ಠ ಸುಂಕವನ್ನು ಶೇ. 150ಕ್ಕೆ ಇಳಿಸಿದಾಗ ಪೇಟೆಯಲ್ಲಿ ಪೇಡಾ ಹಂಚಿದವರಿದ್ದರು. ನೂರೈವತ್ತಕ್ಕೆ *ಇಳಿದದ್ದಕ್ಕೆ*, ತಿಳಿಯಿತಾ? ಮೋಟಾರು ಬೇಕಾದರೆ ಇಲ್ಲೇ ಗೋಕುಲ ರಸ್ತೆಯ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಇಲ್ಲವೇ ರಾಯಾಪುರದ ಎನ್‌ಜಿಇಎಫ್. ಜರ್ಮನಿಯ ಕಾಂಟ್ಯಾಕ್ಟರ್ ಯಾರದಾದರೂ ಗ್ಯಾರೇಜಿನಲ್ಲಿ ಸಿಕ್ಕರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆವು. 2007ರ ಹೊತ್ತಿಗೆ ಕೃಷಿಯೇತರ ಸಾಮಾನಿನ ಗರಿಷ್ಠ ದರ ಶೇ. 10ಕ್ಕೆ ಬಂತು. ಆಮೇಲೆ ಎಲ್ಲರೂ ಆಮದುದಾರರೇ. ನಾನೂ ಆದೆ.

2021ರ ಜನವರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಜೋರು. ಅಲ್ಲಿನ ಒಂದು ಶೀತಲ ಗೋದಾಮಿಗೆ ಕಂಪ್ರೆಸರ್ ಡ್ರೈವ್ ಒಪ್ಪಿಕೊಂಡಿದ್ದೆ. ನಮ್ಮ ಜತೆ ವ್ಯಾಪಾರ ಒಪ್ಪಂದವಿರುವ ದೇಶದಿಂದ ಸಾಮಾನು, ಮೂಲದ ಪ್ರಮಾಣಪತ್ರ ತೋರಿಸಿದರೆ ಸುಂಕದಲ್ಲಿ ರಿಯಾಯಿತಿ. ಕಸ್ಟಮ್ಸ್ ಏಜೆಂಟನಿಗೆ ನಾನು ಕೇಳಿದ್ದು ನೀನು ಕೇಳಿದ ಪ್ರಶ್ನೆಯನ್ನೇ. ಅವನು 8504 ಹಾಕಿದ. ಪ್ರಮಾಣಪತ್ರದಲ್ಲಿ ಮಾರಾಟಗಾರ 8537 ಬರೆದಿದ್ದ. ಅಧಿಕಾರಿ ಹಾಕಿದ ಪ್ರಶ್ನೆ ನ್ಯಾಯವಾದದ್ದೇ: ಪೆಟ್ಟಿಗೆಯಲ್ಲಿ ಇರುವುದೇನು? ನನಗೆ ಗೊತ್ತಿರಲಿಲ್ಲ! ಬರೀ ಡ್ರೈವೋ, ಅಥವಾ ಬ್ರೇಕರ್, ಬೈಪಾಸ್ ಕಾಂಟ್ಯಾಕ್ಟರ್ ಸಮೇತ ಕಪಾಟೋ, ನಾನು ಡ್ರಾಯಿಂಗ್ ತರಿಸಿಯೇ ಇರಲಿಲ್ಲ. ಅವರ ದೇಶದಲ್ಲಿ ರಜೆ, ಡ್ರಾಯಿಂಗ್ ಬರಲು ಹನ್ನೊಂದು ದಿನ. ಅಷ್ಟರಲ್ಲಿ ಬಂದರಿನ ಡೆಮರೇಜ್ ಒಂದು ಕಡೆ, ಹಡಗಿನವರ ಡಿಟೆನ್ಷನ್ ಇನ್ನೊಂದು ಕಡೆ. ಹತ್ತೊಂಬತ್ತನೆಯ ದಿನ ರಿಯಾಯಿತಿ ಬೇಡವೇ ಬೇಡ ಅಂತ ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಂಡೆ. ಗೋದಾಮಿನವರು ಅಷ್ಟರಲ್ಲಿ ಬೇರೆಯವರಿಂದ ಹಳೆಯ ಡ್ರೈವ್ ಕೂಡಿಸಿಕೊಂಡಿದ್ದರು. ತಪ್ಪು ಏಜೆಂಟನದಲ್ಲ, ಸಹಿ ನನ್ನದು. 2020ರ ಸೆಪ್ಟೆಂಬರ್ 21ರಿಂದ ಕ್ಯಾರೊಟಾರ್ ನಿಯಮ ಬಂದ ಮೇಲೆ, ಪ್ರಮಾಣಪತ್ರ ಕೊಟ್ಟರೆ ಸಾಲದು. ಸಾಮಾನು ನಿಜವಾಗಿ ಆ ದೇಶದ್ದೇ ಅನ್ನುವ ಮಾಹಿತಿಯೂ ಆಮದುದಾರನ ಹತ್ತಿರ ಇರಬೇಕು. ಅದನ್ನು ನಾನು ಓದಿದ್ದು ದುಡ್ಡು ಹೋದ ಮೇಲೆ.

ಸಹಿ ಅಂದೆ. 2011ರಿಂದ ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿನಡಿ ಸುಂಕ ನಿರ್ಧರಿಸುವವಳು ನೀನೇ. ಅಧಿಕಾರಿ ಬೇಕಾದರೆ ಪರಿಶೀಲಿಸುತ್ತಾನೆ. ಸಾಮಾನು ಬಿಟ್ಟರು ಅಂದರೆ ಕೋಡ್ ಒಪ್ಪಿದರು ಅಂತಲ್ಲ. ಸಾಮಾನ್ಯ ತಪ್ಪಿಗೆ 2 ವರ್ಷ, ಮುಚ್ಚಿಟ್ಟದ್ದಕ್ಕೆ 5 ವರ್ಷದವರೆಗೆ ಹಿಂದಿನ ಲೆಕ್ಕ ಕೆದಕಬಹುದು. ಆ ಎರಡರ ನಡುವೆ ನಿನ್ನನ್ನು ಕಾಯುವುದು ಕಸ್ಟಮ್ಸಿಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ನೀನು ಬರೆದ ವಿವರಣೆ. 'ಎಲೆಕ್ಟ್ರಿಕಲ್ ಗೂಡ್ಸ್' ಅಂತ ಬರೆದವನು ಏನನ್ನೋ ಮುಚ್ಚಿಟ್ಟವನಂತೆಯೇ ಕಾಣುತ್ತಾನೆ. 'ತ್ರೀ ಫೇಸ್ ಎಸಿ ಮೋಟಾರ್ ಸ್ಟಾರ್ಟರ್, 415 ವೋಲ್ಟ್, ಕಾಂಟ್ಯಾಕ್ಟರ್ ಮತ್ತು ಥರ್ಮಲ್ ಓವರ್‌ಲೋಡ್ ರಿಲೇ ಸಮೇತ', ಜತೆಗೆ ಮಾಡೆಲ್ ನಂಬರ್, ಅಂತ ಬರೆದವಳ ಕೋಡ್ ತಪ್ಪಾಗಿದ್ದರೂ ಅದು ಅಭಿಪ್ರಾಯದ ತಪ್ಪು.

ಅಭಿಪ್ರಾಯ ಅಂದರೆ ದೊಡ್ಡವರಲ್ಲೂ ಭಿನ್ನವಾಗುತ್ತದೆ. ನಮ್ಮದು ರೈಲ್ವೆ ಊರು, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ಗದಗ ರಸ್ತೆಯ ವರ್ಕ್‌ಶಾಪ್ ಎಲ್ಲ ಇಲ್ಲೇ. ಮುಂದೊಂದು ದಿನ ನಿನಗೆ ರೈಲ್ವೆಯ ಆರ್ಡರ್ ಬಂದೇ ಬರುತ್ತದೆ. ಆಗ ಕೋಲ್ಕತ್ತದ ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಪ್ರಕರಣ ನೆನಪಿರಲಿ. ರೈಲ್ವೆ ಸಿಗ್ನಲ್ಲಿನ ರಿಲೇ ಯಾವ ಶೀರ್ಷಿಕೆಗೆ ಸೇರಬೇಕು ಅನ್ನುವ ಅಬಕಾರಿ ಸುಂಕದ ಜಗಳ ಅದು. ಇಲಾಖೆ 8536 ಅಂದಿತು. ಸಿಗ್ನಲ್ ಉಪಕರಣದ ಭಾಗ, 8608 ಅಂದಿತು ಕಂಪನಿ. 2021ರ ಮಾರ್ಚ್ 8ರಂದು ಸುಪ್ರೀಂ ಕೋರ್ಟ್ ಕಂಪನಿಯ ಮಾತು ಒಪ್ಪಿತು. ರಿಲೇ ಮುಖ್ಯವಾಗಿ ಯಾವುದಕ್ಕಾಗಿ ಬಳಕೆಯಾಗುತ್ತದೆ ಅನ್ನುವುದನ್ನು ನೋಡಿತು. ಹಾಗಂತ ಈ ತೀರ್ಪನ್ನು ಹಿಡಿದು ಬೋರ್‌ವೆಲ್ ರಿಲೇಗೂ ಅನ್ವಯಿಸಲು ಹೋಗಬೇಡ, ರೈಲ್ವೆ ಸಾಮಾನು ಬರುವ 17ನೇ ವಿಭಾಗದ ಟಿಪ್ಪಣಿಗಳೇ ಬೇರೆ. ಇನ್ನೊಂದು ಮಾತು. ಸುಂಕದ ದರದ ಜಗಳ ನ್ಯಾಯಮಂಡಳಿಯಿಂದ ನೇರ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗುತ್ತದೆ, ನಡುವೆ ಹೈಕೋರ್ಟ್ ಇಲ್ಲ. ಧಾರವಾಡದಲ್ಲಿ ಪೀಠ ಇದೆಯಲ್ಲ, ಅಲ್ಲೇ ನೋಡಿಕೊಂಡರಾಯಿತು ಅನ್ನುವ ಧೈರ್ಯ ಇಲ್ಲಿ ನಡೆಯದು.

ನಿಜಕ್ಕೂ ಅನುಮಾನವಿರುವ ಸಾಮಾನನ್ನು ಮತ್ತೆ ಮತ್ತೆ ತರಿಸುವುದಿದ್ದರೆ ಮುಂಗಡ ತೀರ್ಮಾನ ಕೇಳು. ದಿಲ್ಲಿಯಲ್ಲೂ ಮುಂಬಯಿಯಲ್ಲೂ ಅದಕ್ಕೊಂದು ಪ್ರಾಧಿಕಾರವಿದೆ, ಶುಲ್ಕ ಹತ್ತು ಸಾವಿರ, ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ಹತ್ತು ಸಾವಿರ ಜಾಸ್ತಿ ಅನ್ನಿಸಿದರೆ ನನ್ನ ಹತ್ತೊಂಬತ್ತು ದಿನದ ಡೆಮರೇಜ್ ಬಿಲ್ ಕಪಾಟಿನಲ್ಲಿದೆ, ತೋರಿಸುತ್ತೇನೆ.

ಅದೇ ಕಪಾಟಿನಲ್ಲಿ ಒಂದು ಉದ್ದನೆಯ ವಹಿಯೂ ಇದೆ. ಆ ಪೆಟ್ಟು ತಿಂದ ಮೇಲೆ ಶುರು ಮಾಡಿದ್ದು. ಒಂದೊಂದು ಸಾಮಾನಿಗೆ ಒಂದು ಪುಟ: ನೇಮ್‌ಪ್ಲೇಟಿನ ಫೋಟೋ, ವೋಲ್ಟೇಜ್, ಒಳಗೆ ಏನೇನಿದೆ, ಅದು ಮಾಡುವ ಕೆಲಸ, ಕೋಡ್, ಮತ್ತು ಆ ಕೋಡ್ ಯಾಕೆ ಅನ್ನುವ ನಾಲ್ಕು ಸಾಲು. ಪಕ್ಕದ ಕೋಡ್ ಯಾಕಲ್ಲ ಅನ್ನುವುದೂ ಎರಡು ಸಾಲು. ಈ ಕೊನೆಯ ಎರಡು ಸಾಲು ಬರೆಯಲು ಬಾರದಿದ್ದಾಗಲೆಲ್ಲ ನಾನು ಸಾಮಾನನ್ನೇ ಅರ್ಥ ಮಾಡಿಕೊಂಡಿರಲಿಲ್ಲ ಅನ್ನುವುದು ಗೊತ್ತಾಗುತ್ತಿತ್ತು. ವಹಿಯಲ್ಲಿ ಅರ್ಧ ಪುಟಗಳು ಖಾಲಿ ಇವೆ, ನೀನು ತೆಗೆದುಕೊಂಡು ಹೋಗು.

ಸುಂಕದಾಚೆಗೆ ಸಾಮಾನಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ ಮಾಡುವ ಆದೇಶಗಳೂ ಇವೆ, ಅವುಗಳ ದಿನಾಂಕ ಮುಂದಕ್ಕೆ ಹೋಗುತ್ತಿರುತ್ತದೆ. ಆರ್ಡರ್ ಹಾಕುವ ಮುಂಚೆ ಏಜೆಂಟನಿಂದ ಬರಹದಲ್ಲಿ ಕೇಳಿ ಇಟ್ಟುಕೋ.

ಹಡಗು ಹತ್ತುವ ಮೊದಲು ಮಾರಾಟಗಾರನಿಂದ ಮೂರು ಕಾಗದ ತರಿಸು: ಕ್ಯಾಟಲಾಗ್, ವೈರಿಂಗ್ ಡ್ರಾಯಿಂಗ್, ಮೂಲದ ಪ್ರಮಾಣಪತ್ರದ ಕರಡು. ನಾಲ್ಕರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಮೂರನ್ನೂ ಹಿಡಿದುಕೊಂಡು ಬಾ, ಜತೆಗೆ ಒಂದು ಸ್ಕ್ರೂಡ್ರೈವರ್ ಮತ್ತು ನೀನು ತರಿಸಬೇಕೆಂದಿರುವ ಡ್ರೈವಿನ ಒಂದು ಸ್ಯಾಂಪಲ್. ಬಿಚ್ಚಿ ನೋಡೋಣ.