ಶೈತ್ಯದಲ್ಲಿಟ್ಟ ಭ್ರೂಣವೂ ಗರ್ಭಕೋಶದ ಸಿದ್ಧತೆಯೂ

ಮಕ್ಕಳಿಲ್ಲದ ದಂಪತಿಗಳ ಸಂಕಟ ಹೊಸದೇನೂ ಅಲ್ಲ. ಅದಕ್ಕಾಗಿ ಹರಕೆ, ನಾಗರಪೂಜೆ, ಅರಳಿಕಟ್ಟೆಯ ಪ್ರದಕ್ಷಿಣೆಗಳು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿವೆ. ಈಗ ಇವುಗಳ ಜೊತೆಗೆ, ಮಲ್ಲಿಪಟ್ಟಣದಂಥ ಹೋಬಳಿಯ ಊರುಗಳಿಂದಲೂ ಜನರು ಮೈಸೂರು, ಬೆಂಗಳೂರುಗಳ ಚಿಕಿತ್ಸಾಲಯಗಳಿಗೆ ಹೋಗಿಬರುವುದುಂಟು. ಅಲ್ಲಿ ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಮನೆಗೆಲ್ಲ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೇ ಇದ್ದಲ್ಲಿ, ಅದನ್ನು ಓದಿ ಅಕ್ಕನಿಗೋ ಅತ್ತಿಗೆಗೋ ಅರ್ಥ ಹೇಳುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಆದುದರಿಂದ ಕಲಾ ವಿದ್ಯಾರ್ಥಿಗೆ ಈ ವಿಷಯವೇಕೆಂದು ವಾಚಕರು ಕೇಳಲಾರರೆಂದು ನಂಬಿದ್ದೇನೆ.

ಮೊದಲು ಭ್ರೂಣವನ್ನು ಶೈತ್ಯದಲ್ಲಿಡುವುದೆಂದರೇನು ಎಂಬುದನ್ನು ನೋಡೋಣ. ಹೆಣ್ಣಿನ ಅಂಡಾಣುವನ್ನೂ ಗಂಡಿನ ವೀರ್ಯಾಣುವನ್ನೂ ಪ್ರಯೋಗಶಾಲೆಯಲ್ಲಿ ಕೂಡಿಸಿದಾಗ ಭ್ರೂಣವುಂಟಾಗುತ್ತದೆ. ಮೂರನೆಯ ದಿನ ಅದರಲ್ಲಿ ಸುಮಾರು ಎಂಟು ಜೀವಕೋಶಗಳಿರುತ್ತವೆ. ಐದನೆಯ ದಿನಕ್ಕೆ ಅವು ನೂರರ ಆಸುಪಾಸಿಗೆ ಬೆಳೆಯುತ್ತವೆ. ಕೂಡಲೇ ಗರ್ಭಕ್ಕೆ ಸೇರಿಸದ ಭ್ರೂಣಗಳನ್ನು ದ್ರವರೂಪದ ಸಾರಜನಕದಲ್ಲಿ ಇಡುತ್ತಾರೆ. ಪಶುವೈದ್ಯರು ಹಸುಗಳಿಗೆ ಇಂಜೆಕ್ಷನ್ ಕೊಡಲು ತರುವ ಜಾಡಿಯ ಮುಚ್ಚಳ ತೆಗೆದಾಗ ಬಿಳಿಯ ಹೊಗೆ ಏಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಅದರಲ್ಲಿರುವುದೂ ಈ ದ್ರವವೇ. ಅದರ ಉಷ್ಣತೆ ಸೊನ್ನೆಗಿಂತ ೧೯೬ ಡಿಗ್ರಿ ಸೆಲ್ಸಿಯಸ್ ಕೆಳಗೆ. ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಜೀವಕೋಶವನ್ನು ಇರಿದು ಕೆಡಿಸುತ್ತವೆ. ಆದುದರಿಂದ ರಕ್ಷಕ ದ್ರಾವಣದಲ್ಲಿ ಅದ್ದಿ, ಹರಳು ಕಟ್ಟಲು ಅವಕಾಶವಿಲ್ಲದಷ್ಟು ಬೇಗ ತಣಿಸಿ, ಗಾಜಿನಂತಾಗಿಸುವ ವಿಧಾನ ಇಂದು ರೂಢಿಯಲ್ಲಿದೆ. ಅಲ್ಲಿ ಕಾಲವೇ ನಿಂತಂತೆ. ಐದು ದಿನದ ಭ್ರೂಣ ಐದು ವರ್ಷ ಕಳೆದರೂ ಐದು ದಿನದ್ದೇ. ೨೦೨೧ರ ಕಾನೂನು ಹೀಗೆ ಇಡಲು ಹತ್ತು ವರ್ಷಗಳ ಮಿತಿಯನ್ನು ಹಾಕಿದೆ.

ಹಾಸನದ ಸೀಮೆಯ ರೈತರು ಬಿತ್ತನೆಯ ಆಲೂಗಡ್ಡೆಯನ್ನು ಶೀತಲಗೃಹದಲ್ಲಿಟ್ಟು, ಮಳೆಯ ದಾರಿ ನೋಡಿ ಹೊರತೆಗೆಯುತ್ತಾರೆ. ಗಡ್ಡೆ ಕಾಯುತ್ತದೆ, ಹೊಲದ ಹದ ಕಾಯುವುದಿಲ್ಲ. ಇಲ್ಲಿಯೂ ಹಾಗೆಯೇ. ಗರ್ಭಕೋಶದ ಒಳಪದರವು ಪ್ರತಿ ತಿಂಗಳೂ ಬೆಳೆದು, ಭ್ರೂಣವನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿ ಕೆಲವೇ ದಿನ ಇದ್ದು, ಗರ್ಭ ನಿಲ್ಲದಿದ್ದರೆ ಮುಟ್ಟಾಗಿ ಕಳಚಿಹೋಗುತ್ತದೆ. ಭ್ರೂಣದ ವಯಸ್ಸಿಗೂ ಈ ಪದರದ ವಯಸ್ಸಿಗೂ ಹೊಂದಿಕೆಯಾಗಬೇಕು. ಸಿದ್ಧತೆಯೆಂಬುದರ ತಿರುಳು ಇದೇ.

ಈ ಹೊಂದಿಕೆಗೆ ಮುಖ್ಯವಾಗಿ ಎರಡು ಮಾರ್ಗಗಳುಂಟು. ಮುಟ್ಟು ಕ್ರಮವಾಗಿ ಆಗುವವರಲ್ಲಿ ದೇಹದ ಸ್ವಾಭಾವಿಕ ಗತಿಯನ್ನೇ ಅನುಸರಿಸಬಹುದು. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಗಳಿಂದ ಅಂಡಾಣು ಬಿಡುಗಡೆಯಾಗುವ ದಿನವನ್ನು ತಿಳಿದು, ಅಲ್ಲಿಂದ ದಿನವೆಣಿಸುತ್ತಾರೆ. ಎರಡನೆಯದು ಔಷಧಿಯ ಮಾರ್ಗ. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಸುಮಾರು ಎರಡು ವಾರ ಈಸ್ಟ್ರೋಜನ್ ಮಾತ್ರೆಗಳನ್ನು ಕೊಟ್ಟು ಪದರವನ್ನು ಬೆಳೆಸುತ್ತಾರೆ. ಅದು ಏಳು ಮಿಲಿಮೀಟರಿನಷ್ಟಾದರೂ ದಪ್ಪವಾಗಿರುವುದನ್ನು ವೈದ್ಯರು ಸಾಮಾನ್ಯವಾಗಿ ಬಯಸುತ್ತಾರೆ. ಬಳಿಕ ಪ್ರೊಜೆಸ್ಟರಾನ್ ಆರಂಭವಾಗುತ್ತದೆ; ಗಡಿಯಾರ ಓಡತೊಡಗುವುದು ಈ ಕ್ಷಣದಿಂದ. ಐದು ದಿನದ ಭ್ರೂಣವಾದರೆ ಪ್ರೊಜೆಸ್ಟರಾನ್ ಐದು ದಿನ ಸಂದ ಮೇಲೆ ಅದನ್ನು ಸೇರಿಸುತ್ತಾರೆ. ಒಂದು ಹೊತ್ತಿನ ಔಷಧಿ ತಪ್ಪಿದರೂ ವೈದ್ಯರಿಗೆ ತಿಳಿಸಬೇಕೆನ್ನುವುದು ಈ ಕಾರಣದಿಂದಲೇ. ಔಷಧಿಯ ಮಾರ್ಗದಲ್ಲಿ ದಿನವನ್ನು ಅನುಕೂಲದಂತೆ ಗೊತ್ತುಮಾಡಬಹುದು. ದೂರದ ಊರಿನವರಿಗೆ ಇದು ಸಣ್ಣ ಮಾತಲ್ಲ. ಆದರೆ ಈ ಮಾರ್ಗದಲ್ಲಿ ಬಸಿರಾದವರಿಗೆ ರಕ್ತದೊತ್ತಡದ ತೊಂದರೆ ತುಸು ಹೆಚ್ಚೆಂದು ಕಂಡುಬಂದಿರುವುದರಿಂದ, ತಮಗೆ ಯಾವುದು ತಕ್ಕುದೆಂದು ವೈದ್ಯರನ್ನು ಕೇಳುವುದು ವಿಹಿತ.

ಈ ಹೊಂದಿಕೆಯ ಮಹತ್ವವನ್ನು ಬಹು ಮೊದಲೇ ಕಂಡವರು ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರು. ಅಂಡಾಣುಗಳನ್ನು ಬಲಿಸಲು ಕೊಟ್ಟ ಔಷಧಿಯಿಂದ ಆ ತಿಂಗಳು ಗರ್ಭಕೋಶದ ಹದ ಕೆಡುವುದೆಂದು ಎಣಿಸಿ, ಅವರು ಭ್ರೂಣವನ್ನು ೫೩ ದಿನ ಶೈತ್ಯದಲ್ಲಿಟ್ಟು ಮುಂದಿನ ಋತುಚಕ್ರವೊಂದರಲ್ಲಿ ಸೇರಿಸಿದರು. ೧೯೭೮ರ ಅಕ್ಟೋಬರ್ ೩ರಂದು ಹೆಣ್ಣುಮಗು ಜನಿಸಿತು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ೧೯೮೧ರಲ್ಲಿ ಅವರು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು. ೧೯೮೬ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗುವನ್ನು ಭಾರತದ ಮೊದಲ ಪ್ರನಾಳ ಶಿಶುವೆಂದು ಕರೆಯಲಾಯಿತು. ಆ ಕಾರ್ಯದಲ್ಲಿ ಡಾ. ಇಂದಿರಾ ಹಿಂದುಜಾರೊಡನೆ ದುಡಿದ ವಿಜ್ಞಾನಿ ಡಾ. ಟಿ. ಸಿ. ಆನಂದಕುಮಾರರು ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿದರು. ೧೯೯೭ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಮೊದಲಿಗರು ತಾವಲ್ಲ, ಮುಖೋಪಾಧ್ಯಾಯರೇ ಎಂದು ಸಾರಿದರು. ಕೈಗೆ ಬಂದ ಕೀರ್ತಿಯನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟ ಇಂಥ ನಿದರ್ಶನಗಳು ವಿರಳ.

ಇನ್ನು ಮನೆಯವರು ಮಾಡಬೇಕಾದುದನ್ನು ವಿಚಾರಿಸೋಣ. ಚಿಕಿತ್ಸೆಗೆ ಮುನ್ನ ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆಯಾಗಬೇಕು. ಫೋಲಿಕ್ ಆಮ್ಲದ ಮಾತ್ರೆಯನ್ನು ಮುಂಚೆಯೇ ಆರಂಭಿಸಬೇಕು. ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು ಬೆಳೆದು ಒಯ್ಯುವ ತಾಲ್ಲೂಕು ನಮ್ಮದು. ಬೆಳೆದು ಮಾರುವುದು ಜೀವನೋಪಾಯವಿರಬಹುದು, ಆದರೆ ಬೀಡಿ, ಸಿಗರೇಟು, ಎಲೆಯಡಿಕೆಯ ಹೊಗೆಸೊಪ್ಪುಗಳನ್ನು ಗಂಡಹೆಂಡಿರಿಬ್ಬರೂ ಬಿಡಬೇಕು. ಭ್ರೂಣವನ್ನು ಸೇರಿಸುವುದು ಮೆತ್ತನೆಯ ಸಣ್ಣ ಕೊಳವೆಯಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುವ ಕೆಲಸ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಆಮೇಲೆ ಅಲುಗಾಡದೆ ಮಲಗಿರಬೇಕೆಂಬ ನಂಬಿಕೆ ಬಲವಾಗಿದೆ. ಮಲಗುವುದರಿಂದ ಲಾಭವಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಎದ್ದು ನಡೆದರೆ ಭ್ರೂಣ ಜಾರಿಹೋಗುವುದಿಲ್ಲ. ಎರಡು ವಾರದೊಳಗೆ ರಕ್ತಪರೀಕ್ಷೆಯಿಂದ ಫಲ ತಿಳಿಯುತ್ತದೆ. ಅದಕ್ಕೂ ಮೊದಲು ತುಸು ರಕ್ತ ಕಂಡಿತೆಂದು ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಔಷಧಿಯ ಮಾರ್ಗದವರು ಬಸಿರು ನಿಂತ ಮೇಲೂ ಹತ್ತು ಹನ್ನೆರಡು ವಾರಗಳವರೆಗೆ ಅದನ್ನು ಮುಂದುವರಿಸಬೇಕಾಗುತ್ತದೆ.

ಮೇಲೆ ಹೊಲದ ಉಪಮಾನವನ್ನು ಕೊಟ್ಟಿದ್ದೇನೆ. ಆದರೆ ಅದನ್ನು ಬಹಳ ದೂರ ಎಳೆಯಬಾರದು. ಹೆಣ್ಣು ಹೊಲ, ಗಂಡು ಬೀಜ ಎಂಬ ಹಳೆಯ ಎಣಿಕೆಯಿಂದಲೇ, ಫಲ ಬಾರದಿದ್ದರೆ ನೆಲವೇ ಬರಡೆಂಬ ತೀರ್ಪು ಹುಟ್ಟಿತು. ಬೀಜದಲ್ಲಿ ಅರ್ಧ ಹೆಣ್ಣಿನದು. ಬಂಜೆತನದ ಕಾರಣಗಳಲ್ಲಿ ಗಂಡಸಿನ ಪಾಲೂ ಉಂಟು. ಪದರ ದಪ್ಪವಾಗಿದ್ದು, ದಿನ ಸರಿಯಾಗಿದ್ದು, ಒಂದು ಮಾತ್ರೆಯೂ ತಪ್ಪದಿದ್ದರೂ ಗರ್ಭ ನಿಲ್ಲದೆ ಹೋಗಬಹುದು; ಭ್ರೂಣದ ವರ್ಣತಂತುಗಳಲ್ಲಿನ ಲೋಪವೇ ಅನೇಕ ವೇಳೆ ಇದಕ್ಕೆ ಕಾರಣ. ಅವಳು ಭಾರ ಎತ್ತಿದಳು, ಪರಂಗಿಹಣ್ಣು ತಿಂದಳು, ಬಸ್ಸಿನಲ್ಲಿ ಬಂದಳು ಎಂದು ಕಾರಣ ಹುಡುಕುವವರು ಇದನ್ನು ತಿಳಿಯಬೇಕು.

ಸಿದ್ಧತೆ ಗರ್ಭಕೋಶಕ್ಕೆ ಮಾತ್ರ ಸಾಲದು. ಹಣ ಎಷ್ಟು ಬೇಕು, ಎಷ್ಟು ಸಲ ಪ್ರಯತ್ನಿಸಬೇಕು, ಆಗದಿದ್ದರೆ ಮುಂದೇನು ಎಂಬುದನ್ನು ಗಂಡಹೆಂಡಿರು ಮೊದಲೇ ಕುಳಿತು ಮಾತನಾಡಬೇಕು. ಫಲ ಬಾರದ ದಿನ ಅವಳನ್ನು ಯಾವ ಮಾತಿನಿಂದ ಬರಮಾಡಿಕೊಳ್ಳಬೇಕೆಂಬುದನ್ನು ಮನೆಯವರು ಕಲಿಯಬೇಕು. ಚೀಟಿಯನ್ನು ಓದಿ ಹೇಳುವ ನಾವು ಇಷ್ಟನ್ನೂ ಸೇರಿಸಿ ಹೇಳಿದರೆ, ನಮ್ಮ ವಿದ್ಯೆ ಮನೆಗೆ ಒದಗಿತೆಂದು ತಿಳಿಯಬಹುದು.